ಹತ್ತು ಕುಷ್ಠರೋಗಿಗಳ ಕಥೆ ಮಕ್ಕಳ ಮನಸ್ಸಿಗೆ ನಾಟದಿದ್ದರೆ

ಯೇಸು ಹತ್ತು ಕುಷ್ಠರೋಗಿಗಳನ್ನು ವಾಸಿಮಾಡಿದಾಗ ಒಬ್ಬನೇ ತಿರುಗಿ ಬಂದು ಥ್ಯಾಂಕ್ಸ್ ಹೇಳಿದ ಈ ಬೈಬಲ್ ಕಥೆ ಹೇಳಿದರೆ ಸಂಡೇ ಸ್ಕೂಲಿನ ಐದಾರು ವರ್ಷದ ಮಕ್ಕಳು ‘ಥ್ಯಾಂಕ್ಯೂ’ ಅಂತ ಗಿಳಿಪಾಠ ಒಪ್ಪಿಸುತ್ತಾರೆ ಎಂದಿದ್ದೀರಿ. ಬಹುಶಃ ‘ಕುಷ್ಠ’ ಅನ್ನುವ ಪದವೇ ಅಡ್ಡ ಬರುತ್ತಿದೆ. ರೋಗ ಏನೆಂದೇ ಗೊತ್ತಿಲ್ಲದವರಿಗೆ ವಾಸಿಯಾದ ಖುಷಿ ಹೇಗೆ ಗೊತ್ತಾಗಬೇಕು?

ಮೊದಲು ಆ ರೋಗಿಗಳು ಮನೆಯಿಂದ ದೂರ ಇದ್ದದ್ದನ್ನು ಹೇಳಿ. ಊರೊಳಗೆ ಬರುವಂತಿಲ್ಲ, ಅಮ್ಮನ ಪಕ್ಕ ಮಲಗುವಂತಿಲ್ಲ. ಬೈಬಲಿನ ಲೂಕನ ಸುವಾರ್ತೆಯ 17ನೇ ಅಧ್ಯಾಯದಲ್ಲಿ ಅವರು ದೂರದಲ್ಲೇ ನಿಂತು ಕೂಗುತ್ತಾರೆ ಅಲ್ವಾ? ಹತ್ತು ಮಕ್ಕಳನ್ನು ಮೂಲೆಯಲ್ಲಿ ನಿಲ್ಲಿಸಿ ಕೂಗಿಸಿ. ಆಮೇಲೆ, ಯೇಸು ಕಳುಹಿಸಿದಂತೆ, ಬಾಗಿಲ ಕಡೆ ನಡೆಸಿ, ‘ದಾರಿಯಲ್ಲೇ ವಾಸಿಯಾಯಿತು’ ಎನ್ನಿ. ಒಬ್ಬರು ಮಾತ್ರ ತಿರುಗಿ ಓಡಿಬರಲಿ. ಅವನು ಸಮಾರ್ಯದವನು, ಯೆಹೂದ್ಯರು ಹತ್ತಿರ ಸೇರಿಸದ ಜನರಲ್ಲೊಬ್ಬ ಎಂದು ಆಗ ಹೇಳಿ. ‘ಉಳಿದ ಒಂಬತ್ತು ಮಂದಿ ಎಲ್ಲಿ?’ ಅಂತ ಯೇಸು ಕೇಳಿದ್ದನ್ನು ನೀವೂ ಕೇಳಿ, ಸುಮ್ನೆ ಕಾಯಿರಿ. ಉತ್ತರ ಹೇಳಿಕೊಡಬೇಡಿ. ಒಂಬತ್ತು ಮಂದಿಯನ್ನು ಕೆಟ್ಟವರು ಅಂತಲೂ ಮಾಡಬೇಡಿ. ಮನೆಗೆ ಓಡುವ ಆತುರ ಮಕ್ಕಳಿಗೆ ಚೆನ್ನಾಗಿ ಗೊತ್ತು, ಅಲ್ಲೇ ಕಥೆ ಅವರದಾಗುತ್ತದೆ.

ನಾಲ್ಕು ವರ್ಷಕ್ಕಿಂತ ಚಿಕ್ಕವರಿಗೆ ಇದು ಹಿಡಿಸುತ್ತದೋ ಹೇಳಲಾರೆ, ನಾನು ಮಾಡಿಸಿದ್ದು ಅದಕ್ಕಿಂತ ದೊಡ್ಡ ಮಕ್ಕಳ ಜೊತೆ.

ಕೊನೆಗೆ ‘ನೀನು ಯಾರಿಗೆ ಥ್ಯಾಂಕ್ಯೂ ಹೇಳಲು ಮರೆತೆ?’ ಎಂದು ಕೇಳಿ. ಅವರಿಗಾಗಿ ಒಂದು ಚಿತ್ರ ಬರೆಸಿ. ಅಂದೇ ಮಗುವಿನ ಕೈಯಿಂದಲೇ ಕೊಡಿಸಿ. ಚರ್ಚ್ ಗುಡಿಸುವ ಅಕ್ಕನಿಂದ ಶುರು ಮಾಡಬಹುದು.