ಓದುಗರ ಪ್ರಶ್ನೆ: ಸೋಲದ ತಂಡ ಯಾಕೆ ಮುಚ್ಚಿತು?

ಪ್ರಶ್ನೆ: ಅಮೆರಿಕದ ಸಿನ್ಸಿನಾಟಿ ರೆಡ್ ಸ್ಟಾಕಿಂಗ್ಸ್ ಎಂಬ ಬೇಸ್‌ಬಾಲ್ ತಂಡ ಒಂದಿಡೀ ವರ್ಷ ಸೋಲಲೇ ಇಲ್ಲವಂತೆ, ಮರುವರ್ಷ ಮುಚ್ಚಿಯೂ ಹೋಯಿತಂತೆ. ನಮ್ಮ ಓಣಿಯ ಕ್ರಿಕೆಟ್ ತಂಡದವರೂ ಆಟಗಾರರಿಗೆ ಪಗಾರ ಕೊಟ್ಟು ಆಡಿಸುವ ವಿಚಾರದಲ್ಲಿದ್ದೇವೆ. ಅವರು ಎಡವಿದ್ದೆಲ್ಲಿ?
– ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಪಗಾರದಲ್ಲೇ. ಬಹಿರಂಗವಾಗಿ ಎಲ್ಲ ಆಟಗಾರರಿಗೂ ಸಂಬಳ ಕೊಟ್ಟ ಮೊದಲ ತಂಡ ಅದು. 1869ರಲ್ಲಿ ಹತ್ತು ಜನರಿಗೆ ಮಾರ್ಚ್ 15ರಿಂದ ನವೆಂಬರ್ 15ರವರೆಗೆ ಕರಾರು. ಒಟ್ಟು ಸುಮಾರು 9,300 ಡಾಲರ್. ಶಾರ್ಟ್‌ಸ್ಟಾಪ್ (ಒಳಮೈದಾನದ ಕ್ಷೇತ್ರರಕ್ಷಕ) ಜಾರ್ಜ್ ರೈಟ್‌ಗೆ 1,400, ಅವರ ಅಣ್ಣ, ನಾಯಕ ಹ್ಯಾರಿ ರೈಟ್‌ಗೆ 1,200, ಬದಲಿ ಆಟಗಾರನಿಗೆ 600. ಮಳೆ ಬಂದರೂ ಜನ ಬಾರದಿದ್ದರೂ ಈ ದುಡ್ಡು ಕೊಡಲೇಬೇಕು. ಆದಾಯ ಮಾತ್ರ ದಿನದಿನದ ಟಿಕೆಟ್ಟಿನ ಮೇಲೆ. ಖಂಡ ದಾಟುವ ರೈಲುಮಾರ್ಗ ಆ ಮೇ ತಿಂಗಳಲ್ಲಷ್ಟೇ ಕೂಡಿತ್ತು. ಸೆಪ್ಟೆಂಬರಿನಲ್ಲಿ ಇವರು ಸ್ಯಾನ್ ಫ್ರಾನ್ಸಿಸ್ಕೋವರೆಗೂ ಹೋಗಿ ಆಡಿ ಬಂದರು. 57 ಗೆಲುವು, ಸೋಲು ಸೊನ್ನೆ. ವರ್ಷದ ಲೆಕ್ಕ ಮುಗಿಸಿದಾಗ ಕೈಯಲ್ಲಿ ಉಳಿದದ್ದು 1 ಡಾಲರ್ 39 ಸೆಂಟ್!

ಇಂಥ ಲೆಕ್ಕಕ್ಕೆ ಒಂದು ಸೋಲಿನ ಪೆಟ್ಟು ಸಾಕು. 1870ರ ಜೂನ್ 14, ಬ್ರೂಕ್ಲಿನ್, ಎದುರಾಳಿ ಅಟ್ಲಾಂಟಿಕ್ಸ್. ಒಂಬತ್ತು ಇನ್ನಿಂಗ್ಸ್ ಮುಗಿದಾಗ 5–5. ಅಟ್ಲಾಂಟಿಕ್ಸ್‌ನವರು ಡ್ರಾ ಸಾಕೆಂದರು, ಹ್ಯಾರಿ ಒಪ್ಪಲಿಲ್ಲ; ಗೆದ್ದೇ ಹೋಗೋಣ ಎಂಬ ಹಟ. ಹತ್ತನೆಯದರಲ್ಲಿ ಜಾರ್ಜ್ ಸಲೀಸಾದ ಕ್ಯಾಚನ್ನು ಬೇಕೆಂದೇ ಕೈಬಿಟ್ಟು, ಕ್ಯಾಚ್ ಆಗುತ್ತದೆಂದು ಬೇಸ್ (ಓಟಗಾರ ನಿಲ್ಲುವ ಜಾಗ) ಬಿಡಲಾಗದೆ ನಿಂತಿದ್ದ, ಈಗ ದಿಢೀರನೆ ಓಡಲೇಬೇಕಾದ ಎದುರಾಳಿಗಳಿಬ್ಬರನ್ನು ಔಟ್ ಮಾಡಿಸಿದರು. ಹನ್ನೊಂದನೆಯದರಲ್ಲಿ 7–5ರ ಮುನ್ನಡೆಯೂ ಸಿಕ್ಕಿತು. ಆದರೆ ಗ್ಲೌಸ್ ಇಲ್ಲದೆ ಬರಿಗೈಯಲ್ಲಿ ಚೆಂಡು ಹಿಡಿಯುತ್ತಿದ್ದ ಕಾಲ ಅದು. ಕ್ಷೇತ್ರರಕ್ಷಣೆ ತಪ್ಪಿತು, ಮೂರು ರನ್ ಹೋಯಿತು, 8–7. ನಮ್ಮ ಕಡೆ ಸೋಲರಿಯದ ಪೈಲ್ವಾನನ ಕುಸ್ತಿಗೆ ಸೇರುವ ಜನವೇ ಬೇರೆ, ಅವನು ಒಮ್ಮೆ ಚಿತ್ ಆದ ಮೇಲೆ ಸೇರುವ ಜನವೇ ಬೇರೆ. ಸಿನ್ಸಿನಾಟಿಯಲ್ಲೂ ಜನ ಕರಗಿದರು. 1871ಕ್ಕೆ ಸಂಬಳದ ಆಟಗಾರರು ಬೇಡವೆಂದು ಕ್ಲಬ್ ತೀರ್ಮಾನಿಸಿತು.

ನೀವು ಪೂರ್ತಿ ಪಗಾರವನ್ನು ಮೊದಲೇ ಗೊತ್ತು ಮಾಡಬೇಡಿ. ಅರ್ಧ ನಿಶ್ಚಿತ ಇರಲಿ, ಇನ್ನರ್ಧ ಆಡಿದ ಪಂದ್ಯದ ಲೆಕ್ಕಕ್ಕೆ. ಪ್ರಯಾಣದ ಖರ್ಚನ್ನು ಬೇರೆಯೇ ತೆಗೆದಿಡಿ, ಟಿಕೆಟ್ ಹಣದ ಪಾಲನ್ನು ಎದುರಾಳಿ ತಂಡದ ಜತೆ ಆಟಕ್ಕೆ ಮೊದಲೇ ಕಾಗದದಲ್ಲಿ ಬರೆದುಕೊಳ್ಳಿ. ಗೆಲ್ಲುತ್ತಿರುವಾಗಲೇ ಒಂದು ತಿಂಗಳ ಖರ್ಚಿನಷ್ಟು ಕೂಡಿಡಬೇಕು. ಸೋಲತೊಡಗಿದ ಮೇಲೆ ಕೂಡುವುದಿಲ್ಲ.

ಪ್ರಶ್ನೆ: ಈಗಿನ ಸಿನ್ಸಿನಾಟಿ ರೆಡ್ಸ್ ಅದೇ ತಂಡವೇ?
– ಓದುಗರು, ಬೆಟಗೇರಿ, ಗದಗ

ಉತ್ತರ: ಅಲ್ಲ. ರೆಡ್ಸ್ 1882ರಿಂದ ಆಡುತ್ತಿರುವ ಬೇರೆ ಕ್ಲಬ್. ಹಳೆಯ ತಂಡದ ಜೀವ ಹೋದದ್ದು ಬಾಸ್ಟನ್‌ಗೆ. ಹ್ಯಾರಿ ರೈಟ್ ತಮ್ಮನನ್ನೂ ಇನ್ನಿಬ್ಬರನ್ನೂ ಕರೆದುಕೊಂಡು ಹೋದರು, ರೆಡ್ ಸ್ಟಾಕಿಂಗ್ಸ್ ಎಂಬ ಹೆಸರೂ ಅಲ್ಲಿಗೇ ಹೋಯಿತು. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹುಟ್ಟಿ, ಮೊದಲು ಸಂಬಳದ ಕ್ರಿಕೆಟಿಗರಾಗಿದ್ದ ಅವರ ಶಿಸ್ತಿನ ಕೈಕೆಳಗೆ ಬಾಸ್ಟನ್ 1872ರಿಂದ 1875ರವರೆಗೆ ಸತತ ನಾಲ್ಕು ಸಲ ಚಾಂಪಿಯನ್. ಕೊನೆಯ ವರ್ಷವಂತೂ 71 ಗೆಲುವು, 8 ಸೋಲು. ಆಗ ಷಿಕಾಗೋದವರು ನಾಲ್ವರು ಮುಖ್ಯ ಆಟಗಾರರನ್ನು ಸೆಳೆದುಕೊಂಡರು. 1876ರಲ್ಲಿ ಬಾಸ್ಟನ್‌ಗೆ ನಾಲ್ಕನೇ ಸ್ಥಾನ, 1877 ಮತ್ತು 1878ರಲ್ಲಿ ಮತ್ತೆ ಪಟ್ಟ. ಅದೇ ಕ್ಲಬ್ 1953ರಲ್ಲಿ ಮಿಲ್ವಾಕೀಗೆ, 1966ರಲ್ಲಿ ಅಟ್ಲಾಂಟಾಗೆ ಹೋಗಿ, ಇಂದಿಗೂ ಅಟ್ಲಾಂಟಾ ಬ್ರೇವ್ಸ್ ಹೆಸರಲ್ಲಿ ಆಡುತ್ತಿದೆ.