ಗೇಟು ವಾರದಲ್ಲಿ ಕೂತಿತು, ಸೇತುವೆ ಏಕೆ ಏಳಲಿಲ್ಲ?

ಮಾನ್ಯರೆ,

ತಮ್ಮ ಕ್ಯಾಂಪಿಗೆ (ಕಾಲುವೆ ನೀರಾವರಿಯ ಜೊತೆ ನೆಲೆಗೊಂಡ ಊರಿಗೆ) ಹೋಗುವ ದಾರಿಯಲ್ಲಿ ತುಂಗಭದ್ರಾ ಎಡದಂಡೆಯ ಉಪಕಾಲುವೆಗೆ ಕಟ್ಟುತ್ತಿರುವ ಸೇತುವೆ ಹನ್ನೊಂದು ತಿಂಗಳಲ್ಲಿ ಮುಗಿಯಬೇಕಿದ್ದು, ನಾಲ್ಕನೆಯ ವರ್ಷಕ್ಕೆ ಕಾಲಿಟ್ಟರೂ ಎರಡು ಕಂಬಗಳಲ್ಲೇ ನಿಂತಿದೆ ಎಂದು ಸಿಂಧನೂರು ತಾಲ್ಲೂಕಿನಿಂದ ತಾವು ಬರೆದ ಪತ್ರ ತಲುಪಿದೆ. ‘2024ರ ಆಗಸ್ಟ್‌ನಲ್ಲಿ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ, ಹರಿಯುವ ನೀರಿನಲ್ಲೇ ವಾರದಲ್ಲಿ ತಡೆ ಹಾಕಿದವರಿಗೆ ನಮ್ಮೂರ ಸೇತುವೆ ಏಕೆ ಆಗುವುದಿಲ್ಲ? ಗುತ್ತಿಗೆದಾರರ ಕಳ್ಳಾಟವಲ್ಲದೆ ಇನ್ನೇನು?’ ಎಂದು ಕೇಳಿದ್ದೀರಿ.

ಕಳ್ಳಾಟವೇ ಇಲ್ಲವೆಂದು ನಾನು ವಾದಿಸುವುದಿಲ್ಲ. ಅಂದಾಜಿಗಿಂತ ಕಡಿಮೆ ದರಕ್ಕೆ ಟೆಂಡರ್ ಹಿಡಿದು, ಬೇಗ ಬಿಲ್ಲಾಗುವ ಮಣ್ಣಿನ ಕೆಲಸವನ್ನಷ್ಟೇ ಮುಗಿಸಿ, ಯಂತ್ರಗಳನ್ನು ಮತ್ತೊಂದು ತಾಲ್ಲೂಕಿಗೆ ಸಾಗಿಸುವವರನ್ನು ನಾನೂ ಕಂಡಿದ್ದೇನೆ. ಆದರೆ ವಿಳಂಬದ ಬಹುಪಾಲು ಗುತ್ತಿಗೆದಾರ ಬರುವ ಮೊದಲೇ, ಅವಧಿಯನ್ನು ನಿಗದಿಪಡಿಸುವ ಕಾಗದದಲ್ಲೇ ಹುಟ್ಟಿರುತ್ತದೆ ಎಂಬುದು ನನ್ನ ಅಭಿಪ್ರಾಯ.

ತಾವು ಕಳುಹಿಸಿರುವ ಫಲಕದ ಚಿತ್ರದಲ್ಲಿ ಕಾಮಗಾರಿ ಆರಂಭದ ದಿನಾಂಕ 2022ರ ಆಗಸ್ಟ್ ಎಂದಿದೆ. ಆಗಸ್ಟ್‌ನಲ್ಲಿ ಕಾಲುವೆಯ ಸ್ಥಿತಿ ಹೇಗಿರುತ್ತದೆಂದು ಭತ್ತ ನಾಟಿ ಮಾಡುವ ತಮಗೆ ಹೇಳಬೇಕಾಗಿಲ್ಲ. ಮುಂಗಾರು ಬೆಳೆಗೆ ಬಿಟ್ಟ ನೀರು ನವೆಂಬರ್‌ವರೆಗೆ ಹರಿದು, ಒಳ್ಳೆಯ ವರ್ಷಗಳಲ್ಲಿ ಎರಡನೇ ಬೆಳೆಗಾಗಿ ಮತ್ತೆ ಮಾರ್ಚ್ ಕೊನೆಯವರೆಗೋ ಏಪ್ರಿಲ್ ಮೊದಲ ವಾರದವರೆಗೋ ಹರಿಯುತ್ತದೆ. ಹನ್ನೊಂದು ತಿಂಗಳ ಅವಧಿಯಲ್ಲಿ ಕಾಲುವೆಯ ಒಳಗೆ ಇಳಿದು ಕೆಲಸ ಮಾಡಲು ಉಳಿಯುವುದು ಹೆಚ್ಚೆಂದರೆ ಮೂರು ತಿಂಗಳು. ಅಷ್ಟರಲ್ಲೇ ಹೂಳು ತೆಗೆಯಬೇಕು, ನೀರು ಕುಡಿದರೆ ಉಬ್ಬಿ ಒಣಗಿದರೆ ಬಿರಿಯುವ ಎರೆ ಮಣ್ಣನ್ನು ಗಟ್ಟಿ ನೆಲ ಸಿಗುವವರೆಗೆ ಅಗೆಯಬೇಕು, ಬುನಾದಿ ಹಾಕಬೇಕು, ಕಂಬ ಎಬ್ಬಿಸಬೇಕು. ಕಾಂಕ್ರೀಟು ಪೂರ್ತಿ ಬಲಕ್ಕೆ ಬರಲು 28 ದಿನ ಬೇಕೆಂಬುದು ಲೆಕ್ಕ. ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಕಂಬಕ್ಕೆ ಸುತ್ತಿದ ಗೋಣಿಚೀಲ ಬೆಳಿಗ್ಗೆ ತೋಯಿಸಿದರೆ ಮಧ್ಯಾಹ್ನದೊಳಗೆ ಒಣಗಿರುತ್ತದೆ. ಇಷ್ಟರ ಮೇಲೆ, ಕಾಲುವೆ ಒಣಗುವ ಆ ದಿನಗಳಲ್ಲೇ ದೇವದುರ್ಗ, ಲಿಂಗಸುಗೂರು ಕಡೆಯ ಗಾರೆ ಕೆಲಸದವರು ಬೆಂಗಳೂರಿಗೆ ಗುಳೆ ಹೋಗಿರುತ್ತಾರೆ. ಪ್ರಾಮಾಣಿಕ ಗುತ್ತಿಗೆದಾರನಿಗೂ ಇದು ಎರಡು ಬೇಸಿಗೆಯ ಕೆಲಸವೇ. ಹನ್ನೊಂದು ತಿಂಗಳೆಂದು ಬರೆದವರು ಕಾಲುವೆಯ ಕ್ಯಾಲೆಂಡರನ್ನು ನೋಡಿಯೇ ಇರಲಿಲ್ಲ.

ಅವರು ನೋಡಿದ್ದು ಖಜಾನೆಯ ಕ್ಯಾಲೆಂಡರನ್ನು. ಅದು ಮಾರ್ಚ್ 31ಕ್ಕೆ ಮುಗಿಯುತ್ತದೆ. ಹೊಸ ವರ್ಷದ ಕ್ರಿಯಾ ಯೋಜನೆಗೆ ಅನುಮೋದನೆ ದೊರೆತು ಅನುದಾನ ಕೆಳಗಿಳಿಯುವಷ್ಟರಲ್ಲಿ ಏಪ್ರಿಲ್, ಮೇ ಕಳೆದಿರುತ್ತವೆ. ಅಂದರೆ ಕಾಲುವೆ ಒಣಗಿದಾಗಲೇ ಖಜಾನೆಯೂ ಒಣಗಿರುತ್ತದೆ. 2023ರ ಮೇ ತಿಂಗಳಲ್ಲಿ ವಿಧಾನಸಭೆಗೆ, 2024ರ ಮೇ 7ರಂದು ಲೋಕಸಭೆಗೆ ನಮ್ಮಲ್ಲಿ ಮತದಾನವಾಯಿತು. ಆರಂಭವಾದ ಕೆಲಸವನ್ನು ನೀತಿಸಂಹಿತೆ ತಡೆಯುವುದಿಲ್ಲವಾದರೂ, ಸಿಬ್ಬಂದಿಯೆಲ್ಲ ಚುನಾವಣೆಯ ಕೆಲಸದಲ್ಲಿದ್ದಾಗ ಬಿಲ್ಲಿಗೆ ಆಧಾರವಾದ ಅಳತೆ ಪುಸ್ತಕ ಬರೆಯುವವರು ಯಾರು? ನನ್ನನ್ನು ಹೆಚ್ಚು ನೋಯಿಸುವುದು ಬೇರೆಯೇ ಒಂದು ಸಂಗತಿ. 2023ರ ಬರದಿಂದಾಗಿ ಎರಡನೇ ಬೆಳೆಗೆ ನೀರು ಸಿಗದೆ, ಕುಡಿಯುವುದಕ್ಕೆಂದು ಆಗಾಗ ಬಿಟ್ಟದ್ದನ್ನು ಬಿಟ್ಟರೆ ಕಾಲುವೆ ತಿಂಗಳುಗಟ್ಟಲೆ ಬರಿದಾಗಿತ್ತು. ರೈತರ ಪಾಲಿನ ಆ ಕೆಟ್ಟ ಕಾಲವಾದರೂ ಸೇತುವೆಗೆ ಒದಗಬಹುದಿತ್ತು. ಹಿಂದಿನ ಬಿಲ್ಲು ಬಾರದೆ ಗುತ್ತಿಗೆದಾರರು ಕಂಬಿ ಇಳಿಸಲಿಲ್ಲ ಎಂದು ತಾವೇ ಬರೆದಿದ್ದೀರಿ. ಸರ್ಕಾರಿ ಕಾಮಗಾರಿಗಳ ಜಿಎಸ್‌ಟಿ 2022ರ ಜುಲೈ 18ರಿಂದ ಶೇ 12ರಿಂದ 18ಕ್ಕೆ ಏರಿದ್ದರಿಂದ, ಅದಕ್ಕೂ ಮೊದಲಿನ ದರದಲ್ಲಿ ಟೆಂಡರ್ ಆದ ಕಡೆಗಳಲ್ಲಿ ವ್ಯತ್ಯಾಸದ ಹಣಕ್ಕಾಗಿ ಪತ್ರ ವ್ಯವಹಾರ ಬೇರೆ.

ಭೂಮಿಯ ಪ್ರಶ್ನೆ ತಮ್ಮ ಸೇತುವೆಗೆ ಬಾರದಿರುವುದು ಅದೃಷ್ಟ. ಅದು ಬಂದರೆ ಏನಾಗುತ್ತದೆ ಎಂಬುದಕ್ಕೆ ತಮ್ಮೂರಿನ ರೈಲೇ ಸಾಕ್ಷಿ: ಮುನಿರಾಬಾದ್–ಮಹಬೂಬ್‌ನಗರ ಮಾರ್ಗ ಮಂಜೂರಾದದ್ದು 1997–98ರಲ್ಲಿ, ಸಿಂಧನೂರಿಗೆ ರೈಲು ಬಂದದ್ದು 2024ರ ಮಾರ್ಚ್‌ನಲ್ಲಿ. ಭೂಮಿ ಮತ್ತು ಅರ್ಧ ವೆಚ್ಚ ರಾಜ್ಯದ್ದು, ಹಳಿ ಹಾಕುವುದು ಕೇಂದ್ರ; ಎರಡು ಬಜೆಟ್‌ಗಳಲ್ಲಿ ಯಾವುದು ಬಡವಾದರೂ ಕೆಲಸ ನಿಲ್ಲುತ್ತದೆ. 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಪ್ರಾಥಮಿಕ ಅಧಿಸೂಚನೆಯಿಂದ ಅಂತಿಮ ಘೋಷಣೆಗೆ ಹನ್ನೆರಡು ತಿಂಗಳು, ಅಲ್ಲಿಂದ ಪರಿಹಾರದ ಮೊತ್ತ ನಿಗದಿಪಡಿಸುವ ಐತೀರ್ಪಿಗೆ ಮತ್ತೆ ಹನ್ನೆರಡು ತಿಂಗಳ ಅವಕಾಶವಿದೆ. ಜಮೀನು ಕಳೆದುಕೊಳ್ಳುವವರ ಹಿತಕ್ಕೆ ಈ ಸಮಯ ಬೇಕೇ ಬೇಕು; ಅದನ್ನು ಯೋಜನೆಯ ಅವಧಿಯಲ್ಲಿ ಎಣಿಸದಿರುವುದು ತಪ್ಪು.

ಇನ್ನು ಗೇಟಿನ ಮಾತು. 33 ಗೇಟುಗಳಲ್ಲಿ ಒಂದರ ಚೈನು ಆಗಸ್ಟ್ 10ರ ರಾತ್ರಿ ತುಂಡಾದಾಗ, ಭೂಮಿ ಕೇಳಬೇಕಿರಲಿಲ್ಲ, ಅನುದಾನಕ್ಕೆ ಕಾಯಬೇಕಿರಲಿಲ್ಲ. ತೀರ್ಮಾನಿಸಬೇಕಾದವರೆಲ್ಲ ಅಣೆಕಟ್ಟೆಯ ಮೇಲೆಯೇ ನಿಂತಿದ್ದರು. ಆ ಕೆಲಸದ ಬಗ್ಗೆ ನನಗೂ ಹೆಮ್ಮೆಯಿದೆ. ಆದರೆ ಅಂದು ಇಳಿಸಿದ್ದು ಉಕ್ಕಿನ ತಾತ್ಕಾಲಿಕ ತಡೆಯನ್ನು. ಅಲ್ಲಿ ಶಾಶ್ವತ ಗೇಟು ಕೂರದೆ, 105 ಟಿಎಂಸಿ ಅಡಿಗೂ ಮಿಕ್ಕಿ ಹಿಡಿಯುವ ಜಲಾಶಯದಲ್ಲಿ 2025ರ ಮಳೆಗಾಲದಲ್ಲಿ 80 ಟಿಎಂಸಿ ಅಡಿಯಷ್ಟನ್ನೇ ನಿಲ್ಲಿಸಬೇಕಾಯಿತು. ಗೇಟು ಬದಲಿಸಲು ನೀರು ತಗ್ಗಬೇಕು, ತಮ್ಮ ಸೇತುವೆಗೂ ನೀರು ತಗ್ಗಬೇಕು.

ತಾವು ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ, ನಿವೇಶನವನ್ನು ಗುತ್ತಿಗೆದಾರರಿಗೆ ಹಸ್ತಾಂತರಿಸಿದ ದಿನಾಂಕ, ಸಲ್ಲಿಕೆಯಾದ ಮತ್ತು ಪಾವತಿಯಾದ ಬಿಲ್ಲುಗಳ ದಿನಾಂಕ, ಅವಧಿ ವಿಸ್ತರಣೆಯ ಆದೇಶಗಳ ಪ್ರತಿ, ಇವಿಷ್ಟನ್ನು ಕೇಳಿ. ವಿಸ್ತರಣೆಗೆ ಕೊಟ್ಟ ಕಾರಣವನ್ನು ಓದಿದರೆ ತಪ್ಪು ಯಾರ ಕಡೆಯದೆಂಬುದು ಬಹುಮಟ್ಟಿಗೆ ತಿಳಿಯುತ್ತದೆ. ಚಿತ್ರದಲ್ಲಿ ಮುಕ್ತಾಯದ ದಿನಾಂಕದ ಮೇಲೆ ಬಿಳಿ ಬಣ್ಣ ಬಳಿದಂತೆ ಕಾಣುತ್ತದೆ. ಕೆಳಗಿನ ಅಂಕಿಗಳು ಇನ್ನೂ ಓದಲು ಬರುವಂತಿದ್ದರೆ, ಮಾಸುವ ಮೊದಲು ಹತ್ತಿರದಿಂದ ಮತ್ತೊಂದು ಚಿತ್ರ ತೆಗೆದಿಡಿ. ಆದೇಶದ ಪ್ರತಿ ಬಂದಾಗ ಎರಡನ್ನೂ ಪಕ್ಕಪಕ್ಕದಲ್ಲಿ ಪ್ರಕಟಿಸೋಣ.

– ಸಂಪಾದಕ