ಹೊಲದಿಂದ ತಟ್ಟೆಯವರೆಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ಪ್ರತಿವರ್ಷವೂ ಮಕ್ಕಳನ್ನು ಹತ್ತಿರದ ತೋಟವೊಂದಕ್ಕೆ ಕರೆದೊಯ್ಯುತ್ತೇವೆ. ಅಂದು ಅವರ ಉತ್ಸಾಹಕ್ಕೆ ಮಿತಿಯೇ ಇರುವುದಿಲ್ಲ; ಆದರೆ ಮರುದಿನ ಊಟದ ತಟ್ಟೆಯಲ್ಲಿ ತರಕಾರಿ ಎಂದಿನಂತೆ ಉಳಿದಿರುತ್ತದೆ. ಇಂತಹ ಭೇಟಿಗಳಿಂದ ಪ್ರಯೋಜನವಿದೆಯೇ?

ಉತ್ತರ: ಇದೆ. ಆದರೆ ವರ್ಷಕ್ಕೊಂದು ಭೇಟಿಯಿಂದ ಮಕ್ಕಳ ಊಟದ ರೂಢಿ ಬದಲಾಗುವುದಿಲ್ಲ. ಅಪರಿಚಿತ ಆಹಾರದ ಬಗೆಗಿನ ಅಂಜಿಕೆ ಎರಡರಿಂದ ಆರು ವರ್ಷದ ಮಕ್ಕಳಲ್ಲಿ ಹೆಚ್ಚು ತೀವ್ರವಾಗಿರುತ್ತದೆ ಮತ್ತು ಅನೇಕರಲ್ಲಿ ಅದು ಶಾಲೆಗೆ ಸೇರಿದ ಮೇಲೂ ಉಳಿದುಕೊಳ್ಳುತ್ತದೆ. ಒಂದೇ ತರಕಾರಿಯನ್ನು ಒತ್ತಾಯವಿಲ್ಲದೆ, ಚಿಕ್ಕ ತುಣುಕುಗಳಲ್ಲಿ, 8ರಿಂದ 15 ಬಾರಿ ಮುಂದಿಟ್ಟ ನಂತರವೇ ಹಲವು ಮಕ್ಕಳು ಅದಕ್ಕೆ ಒಗ್ಗಿಕೊಳ್ಳುತ್ತಾರೆಂದು ಮಕ್ಕಳ ಆಹಾರಾಭ್ಯಾಸದ ಅಧ್ಯಯನಗಳು ತೋರಿಸಿವೆ. ಆದ್ದರಿಂದ ಹತ್ತು ಬೆಳೆಗಳನ್ನು ಒಂದೇ ದಿನ ತೋರಿಸುವುದಕ್ಕಿಂತ ಒಂದೇ ಬೆಳೆಯನ್ನು ಹಲವು ಬಾರಿ ತೋರಿಸುವುದು ಮೇಲು.

ಅದೇ ತೋಟಕ್ಕೆ ಬಿತ್ತನೆಯ ವೇಳೆಗೆ ಒಮ್ಮೆ, ಹೂ ಬಿಟ್ಟಾಗ ಒಮ್ಮೆ, ಕೊಯ್ಲಿನಲ್ಲಿ ಮತ್ತೊಮ್ಮೆ ಹೋಗಿಬನ್ನಿ. ನಡುವಿನ ವಾರಗಳಲ್ಲಿ ಅದೇ ಬೆಳೆಯನ್ನು ಶಾಲೆಯ ಪಾತಿಯಲ್ಲಿಯೂ ಬೆಳೆಸಿ. ದುಂಬಿ ಬಾರದಿದ್ದರೆ ಕುಂಬಳದ ಹೂ ಕಾಯಿಗಟ್ಟದೆ ಉದುರುತ್ತದೆ ಎಂಬುದನ್ನು ಕಣ್ಣಾರೆ ಕಂಡ ಮಗುವಿಗೆ ಪರಾಗಸ್ಪರ್ಶದ ಪಾಠವನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ. ಕೊಯ್ದದ್ದನ್ನು ಅಂದೇ, ಅಲ್ಲಿಯೇ ತಿನ್ನಲು ಕೊಡಿ. ಹಸಿ ಬಟಾಣಿ ಮತ್ತು ಸಿಹಿಜೋಳದಲ್ಲಿರುವ ಸಕ್ಕರೆ ಕಿತ್ತ ಗಳಿಗೆಯಿಂದಲೇ ಪಿಷ್ಟವಾಗಿ ಮಾರ್ಪಡತೊಡಗುತ್ತದೆ. ದಿನಗಟ್ಟಲೆ ಕಳೆದ ಮೇಲೆ ತಟ್ಟೆಗೆ ಬರುವ ಕಾಳಿನಲ್ಲಿ ಆ ಸಿಹಿ ಇರುವುದಿಲ್ಲ. ಮಕ್ಕಳು ತರಕಾರಿಯನ್ನು ಬಿಡುತ್ತಾರೆಂದು ದೂರುವ ಮುನ್ನ, ಅವರಿಗೆ ನಾವು ತಾಜಾ ತರಕಾರಿಯನ್ನು ಎಂದಾದರೂ ಕೊಟ್ಟಿದ್ದೇವೆಯೇ ಎಂದು ಕೇಳಿಕೊಳ್ಳಬೇಕು.

ಅಡುಗೆಯ ಕೆಲಸದಲ್ಲಿಯೂ ಮಕ್ಕಳಿಗೆ ಪಾಲಿರಲಿ. ಅಮೆರಿಕದ ಬರ್ಕ್ಲಿಯ ಮಾರ್ಟಿನ್ ಲೂಥರ್ ಕಿಂಗ್ ಜೂನಿಯರ್ ಶಾಲೆಯಲ್ಲಿ ಬಾಣಸಿಗರಾದ ಆಲಿಸ್ ವಾಟರ್ಸ್ 1995ರಲ್ಲಿ ಆರಂಭಿಸಿದ ಯೋಜನೆಯಲ್ಲಿ ತೋಟದ ಜೊತೆಗೆ ಅಡುಗೆಮನೆಯೂ ತರಗತಿಯಾಯಿತು: ಮಕ್ಕಳು ತಾವು ಬೆಳೆದದ್ದನ್ನು ತಾವೇ ತೊಳೆದು, ಹೆಚ್ಚಿ, ಬೇಯಿಸಿ, ಒಟ್ಟಿಗೆ ಕುಳಿತು ಉಣ್ಣುತ್ತಾರೆ. ನನ್ನ ದೃಷ್ಟಿಯಲ್ಲಿ ತೋಟಕ್ಕಿಂತಲೂ ಈ ಎರಡನೆಯ ಹೆಜ್ಜೆಯೇ ಮುಖ್ಯವಾದುದು, ಮತ್ತು ಹೆಚ್ಚಿನ ಶಾಲೆಗಳು ಕೈಬಿಡುವುದೂ ಇದನ್ನೇ.

ಇನ್ನೊಂದು ಮಾತು. ತಪ್ಪು ಮಾಡಿದ ಮಗುವಿಗೆ ಕಳೆ ಕೀಳುವ ಶಿಕ್ಷೆಯನ್ನು ದಯವಿಟ್ಟು ಎಂದಿಗೂ ಕೊಡಬೇಡಿ. ಮಣ್ಣಿನ ಕೆಲಸವೆಂದರೆ ಅವಮಾನ ಎಂದು ಒಮ್ಮೆ ಮನಸ್ಸಿಗೆ ಬಂದರೆ ಅದನ್ನು ಅಳಿಸುವುದು ಬಹಳ ಕಷ್ಟ.

ಪ್ರಶ್ನೆ: ನಮ್ಮ ಮಗನ ಶಾಲೆಯಲ್ಲಿ ಅಂಗಳವೆಲ್ಲ ಸಿಮೆಂಟು. ಕುಂಡಗಳಲ್ಲಿ ಏನನ್ನಾದರೂ ಬೆಳೆಯಲು ಸಾಧ್ಯವೇ? ಮಣ್ಣಿನಿಂದ ಮಕ್ಕಳ ಆರೋಗ್ಯಕ್ಕೆ ತೊಂದರೆಯಾಗದೇ?

ಉತ್ತರ: ದಿನಕ್ಕೆ ಆರು ಗಂಟೆಯಷ್ಟು ನೇರ ಬಿಸಿಲು ಬೀಳುವ ಜಾಗವಿದ್ದರೆ ಕುಂಡಗಳೇ ಸಾಕು. ಮೊದಲ ಬೆಳೆಯಾಗಿ ಮೂಲಂಗಿಯನ್ನು ಆರಿಸಿಕೊಳ್ಳಿ; ಬೇಗ ಬರುವ ತಳಿಗಳು 25ರಿಂದ 30 ದಿನಗಳಲ್ಲಿ ಕೈಗೆ ಬರುವುದರಿಂದ ಮಕ್ಕಳ ತಾಳ್ಮೆ ಕೆಡುವುದಿಲ್ಲ. ಹುರುಳಿಕಾಯಿಗೆ ಎರಡು ತಿಂಗಳು ಬೇಕು. ಬೀಜದಿಂದ ಆರಂಭಿಸಿದ ಟೊಮೆಟೊ ಇನ್ನೂ ಹೆಚ್ಚು ಕಾಯಿಸುತ್ತದೆ. ಬಿತ್ತುವ ಮೊದಲೇ ಶಾಲೆಯ ರಜೆಗಳ ಪಟ್ಟಿಯನ್ನು ನೋಡಿಕೊಳ್ಳಿ. ರಜೆಯಲ್ಲಿ ನೀರು ಹಾಕುವವರು ಯಾರೆಂಬುದನ್ನು ಯೋಚಿಸದ ಕಾರಣಕ್ಕೇ ಎಷ್ಟೋ ಶಾಲಾತೋಟಗಳು ಒಣಗಿಹೋಗುತ್ತವೆ.

ಮಣ್ಣಿನ ಬಗ್ಗೆ ನಿಮ್ಮ ಆತಂಕ ಸಹಜವಾದುದು. ಹಳೆಯ ಕಟ್ಟಡಗಳ ಗೋಡೆಯ ಬುಡದಲ್ಲಿ ಹಾಗೂ ವಾಹನ ದಟ್ಟಣೆಯ ರಸ್ತೆಯ ಅಂಚಿನಲ್ಲಿ ಹಿಂದಿನ ಬಣ್ಣ ಮತ್ತು ಪೆಟ್ರೋಲಿನಿಂದ ಬಂದ ಸೀಸ ಮಣ್ಣಿನಲ್ಲಿ ಉಳಿದಿರಬಹುದು. ಅಂತಹ ಕಡೆಯ ಮಣ್ಣನ್ನು ಪರೀಕ್ಷಿಸದೆ ಬಳಸಬಾರದು. ಹಸಿ ಸಗಣಿಯನ್ನಂತೂ ಮಕ್ಕಳ ಪಾತಿಗೆ ಹಾಕಲೇಬೇಡಿ. ಮಣ್ಣಿಗೆ ತಾಗುವ ಬೆಳೆಯಾದರೆ ಹಸಿ ಗೊಬ್ಬರ ಹಾಕಿದ ನಂತರ ಕೊಯ್ಲಿಗೆ 120 ದಿನಗಳ ಅಂತರವಿರಬೇಕೆಂದು ಅಮೆರಿಕದ ಸಾವಯವ ನಿಯಮ ಹೇಳುತ್ತದೆ; ಚೆನ್ನಾಗಿ ಕಳಿತ ಕಾಂಪೋಸ್ಟ್ ಬಳಸಿದರೆ ಈ ಚಿಂತೆ ಇರುವುದಿಲ್ಲ. ಕೆಲಸ ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯುವುದನ್ನು ಪಾಠದ ಭಾಗವೆಂದೇ ಭಾವಿಸಿ.

ಕುಂಡಗಳು ಯಾರವು ಎಂಬುದನ್ನೂ ಮೊದಲೇ ತೀರ್ಮಾನಿಸಿ. ಜರ್ಮನಿಯಲ್ಲಿ ಶಿಶುವಿಹಾರದ ಕಲ್ಪನೆಯನ್ನು ರೂಪಿಸಿದ ಫ್ರೋಬೆಲ್, ಪ್ರತಿ ಮಗುವಿಗೂ ಅದರದೇ ಆದ ಪುಟ್ಟ ಪಾತಿ ಇರಬೇಕು, ಅದರ ಜೊತೆಗೆ ಎಲ್ಲರೂ ಸೇರಿ ನೋಡಿಕೊಳ್ಳುವ ಪಾತಿಗಳೂ ಇರಬೇಕು ಎಂದು ಬಯಸಿದರು. ಸ್ವಂತ ಗಿಡದ ಮೇಲಿನ ಅಕ್ಕರೆ, ಹಂಚಿಕೊಂಡು ದುಡಿಯುವ ಅಭ್ಯಾಸ, ಎರಡೂ ಇದರಿಂದ ಬೆಳೆಯುತ್ತವೆ.

ಪ್ರಶ್ನೆ: ಶಾಲೆಯ ಊಟಕ್ಕೆ ಸುತ್ತಲಿನ ರೈತರಿಂದಲೇ ತರಕಾರಿ ಕೊಳ್ಳಬೇಕೆಂಬುದು ನಮ್ಮ ಆಡಳಿತ ಸಮಿತಿಯ ಆಸೆ. ಆದರೆ ಪೂರೈಕೆ ಒಂದೇ ಸಮನಾಗಿರುವುದಿಲ್ಲ ಎಂದು ಅಡುಗೆಯವರು ಹೇಳುತ್ತಾರೆ. ಏನು ಮಾಡಬಹುದು?

ಉತ್ತರ: ಅಡುಗೆಯವರ ಮಾತಿನಲ್ಲಿ ಸತ್ಯವಿದೆ, ಅವರನ್ನು ಬಿಟ್ಟು ಯೋಜನೆ ಮಾಡಬೇಡಿ. ಆದರೂ ಇದು ಅಸಾಧ್ಯವಲ್ಲ. ಶಾಲಾ ಊಟಕ್ಕಾಗಿ ಕೇಂದ್ರ ಸರ್ಕಾರ ನೀಡುವ ಹಣದಲ್ಲಿ ಶೇಕಡಾ 30ರಷ್ಟನ್ನಾದರೂ ಸಣ್ಣ ಕುಟುಂಬ ಕೃಷಿಕರಿಂದ ಕೊಳ್ಳಲು ವ್ಯಯಿಸಬೇಕೆಂದು ಬ್ರೆಜಿಲ್ 2009ರಲ್ಲಿಯೇ ಕಾನೂನು ಮಾಡಿತು. ಜಪಾನ್ 2005ರಲ್ಲಿ ಆಹಾರ ಶಿಕ್ಷಣಕ್ಕೆಂದೇ ಮೂಲ ಕಾಯ್ದೆಯೊಂದನ್ನು ತಂದಿತು.

ನಿಮ್ಮ ಮಟ್ಟದಲ್ಲಿ, ವಾರಕ್ಕೊಂದು ದಿನ, ಒಂದೇ ಪದಾರ್ಥದಿಂದ ತೊಡಗಿ. ಊಟದ ಪಟ್ಟಿಯನ್ನು ಮೊದಲು ಬರೆದು ಆಮೇಲೆ ತರಕಾರಿ ಹುಡುಕುವ ಬದಲು, ಯಾವ ತಿಂಗಳು ಏನು ಬೆಳೆಯುತ್ತದೆಂದು ರೈತರನ್ನು ಕೇಳಿ, ಅದಕ್ಕೆ ತಕ್ಕಂತೆ ಪಟ್ಟಿಯನ್ನು ಬರೆಯಿರಿ. ಈ ಮಾತುಕತೆ ಬಿತ್ತನೆಗೆ ಮುನ್ನವೇ ನಡೆಯಬೇಕು. ಬೆಳೆದು ನಿಂತ ಮೇಲೆ ಕೇಳಿದರೆ ನಿಮಗೆ ಬೇಕಾದ ಪ್ರಮಾಣ ಸಿಗುವ ಭರವಸೆ ಇಲ್ಲ. ನಾಲ್ಕೈದು ಸಣ್ಣ ರೈತರು ಸೇರಿ ಪೂರೈಸಿದರೆ ಒಬ್ಬರ ಹೊಲದಲ್ಲಿ ಕೊರತೆಯಾದಾಗ ಇನ್ನೊಬ್ಬರು ತುಂಬಿಕೊಡುತ್ತಾರೆ. ಆಕಾರ ಸೊಟ್ಟಗಿರುವ ಕ್ಯಾರೆಟ್ಟನ್ನು ಬೇಡವೆನ್ನಬೇಡಿ, ಹೆಚ್ಚಿದ ಮೇಲೆ ಅದೇನೂ ಕಾಣುವುದಿಲ್ಲ. ತೂಕ, ಗುಣಮಟ್ಟ ಮತ್ತು ತಂದುಕೊಡುವ ಹೊತ್ತನ್ನು ಬರವಣಿಗೆಯಲ್ಲಿ ಇಟ್ಟುಕೊಳ್ಳಿ. ಎಲ್ಲಕ್ಕಿಂತ ಮುಖ್ಯವಾಗಿ ಹಣವನ್ನು ತಡಮಾಡದೆ ಪಾವತಿಸಿ. ತಿಂಗಳುಗಟ್ಟಲೆ ಕಾಯುವ ಶಕ್ತಿ ಸಣ್ಣ ರೈತನಿಗಿಲ್ಲ; ಒಂದೆರಡು ಬಾರಿ ಬಾಕಿ ಉಳಿದರೆ ಆತ ಮತ್ತೆ ದೊಡ್ಡ ಮಾರುಕಟ್ಟೆಯ ದಾರಿಯನ್ನೇ ಹಿಡಿಯುತ್ತಾನೆ. ಆತ ಶಾಲೆಗೆ ಬಂದು ಮಕ್ಕಳಿಗೆ ಪಾಠ ಹೇಳುವ ದಿನಕ್ಕೂ, ಬೇರೆ ಯಾವ ಅತಿಥಿ ಉಪನ್ಯಾಸಕರಿಗೆ ಕೊಡುವಂತೆಯೇ, ಗೌರವಧನವನ್ನು ನಿಮ್ಮ ಲೆಕ್ಕಪತ್ರದಲ್ಲಿ ಮೊದಲೇ ಸೇರಿಸಿ.